ಆರ್ಗಾನ್ ಶುದ್ಧವಿಲ್ಲದಿದ್ದರೆ ಮಿಕ್ಕಿದ್ದೆಲ್ಲ ವ್ಯರ್ಥ

ಪ್ರಿಯ ಗೆಳೆಯ,

ನ್ಯೂಟ್ರಿನೋ ಎಂಬ, ಸುಲಭಕ್ಕೆ ಹಿಡಿಗೆ ಸಿಗದ ಕಣಗಳನ್ನು ಅಧ್ಯಯನ ಮಾಡುವ ಡ್ಯೂನ್ ಪ್ರಯೋಗಕ್ಕೆ ಮುಂಚೆ ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನಲ್ಲಿ ಅಷ್ಟು ದೊಡ್ಡ ಮಾದರಿ ಕಟ್ಟುವ ಅಗತ್ಯವೇನಿತ್ತು ಅಂತ ನೀನು ಕೇಳಿದ್ದೆ. ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಾಲಯದ ನ್ಯೂಟ್ರಿನೋ ಕಿರಣ 1,300 ಕಿ.ಮೀ. ನೆಲದೊಳಗೇ ಸಾಗಿ ಸೌತ್ ಡಕೋಟಾದ ಹಳೆಯ ಚಿನ್ನದ ಗಣಿ ತಲುಪಬೇಕು. ಅಲ್ಲಿ ಒಂದೂವರೆ ಕಿ.ಮೀ. ಆಳದಲ್ಲಿ ಒಂದೊಂದು ಡಿಟೆಕ್ಟರ್‌ಗೂ ಸುಮಾರು 17,000 ಟನ್ ದ್ರವ ಆರ್ಗಾನ್. ತುಂಬಿದ ಮೇಲೆ ಒಳಗಿನ ಒಂದು ಸ್ಕ್ರೂ ಬಿಗಿ ಮಾಡುವುದಕ್ಕೂ ದಾರಿಯಿಲ್ಲ. ಹಾಗಾಗಿ 2018ರಲ್ಲಿ ಸುಮಾರು 770 ಟನ್ನಿನ ಪ್ರೋಟೋಡ್ಯೂನ್ ಎಂಬ ಆ ಮಾದರಿಯನ್ನು ತುಂಬಿಸಿ, ಶಕ್ತಿ ಮೊದಲೇ ಗೊತ್ತಿರುವ ಪಯಾನ್, ಪ್ರೋಟಾನ್, ಎಲೆಕ್ಟ್ರಾನ್ ಕಣಗಳನ್ನು ಅದರೊಳಗೆ ಹಾಯಿಸಿ ನೋಡಿದರು.

ಎಲ್ಲಕ್ಕಿಂತ ಮುಖ್ಯ ಶುದ್ಧತೆ. ಕಣ ಹಾದ ಜಾಡಿನಲ್ಲಿ ಬಿಡುಗಡೆಯಾದ ಎಲೆಕ್ಟ್ರಾನ್‌ಗಳು 3.6 ಮೀಟರ್ ತೇಲಿ, ಸಂಕೇತ ಹಿಡಿಯುವ ತಂತಿಗಳನ್ನು ಮುಟ್ಟಬೇಕು. ಅವನ್ನು ತಂತಿಗಳತ್ತ ತಳ್ಳುವ ಕ್ಯಾಥೋಡ್ ಫಲಕಕ್ಕೆ 180 ಕಿಲೋವೋಲ್ಟ್ ಋಣ ವಿಭವ ಕೊಟ್ಟರೂ ಈ ಪಯಣಕ್ಕೆ 2.2 ಮಿಲಿಸೆಕೆಂಡ್ ಹಿಡಿಯುತ್ತದೆ. ದಾರಿಯಲ್ಲಿ ಸಿಕ್ಕ ಆಮ್ಲಜನಕದ ಅಣು ಅವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಾವಿರ ಕೋಟಿಗೆ ಒಂದು ಅಣುವಿನಷ್ಟು ಆಮ್ಲಜನಕ ಇದ್ದರೂ ಎಲೆಕ್ಟ್ರಾನಿನ ಸರಾಸರಿ ಆಯಸ್ಸು 3 ಮಿಲಿಸೆಕೆಂಡ್ ಮಾತ್ರ. ದೂರದ ತುದಿಯಿಂದ ಹೊರಟವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದೇಹೋಗುತ್ತವೆ. ಆಯಸ್ಸು 20 ಮಿಲಿಸೆಕೆಂಡ್‌ಗೆ ಏರಿದರೆ ನಷ್ಟ ಶೇ 11ರ ಆಸುಪಾಸು. ಪ್ರೋಟೋಡ್ಯೂನ್ ಈ ಮಟ್ಟವನ್ನೂ ದಾಟಿತು. ನನ್ನ ಮಟ್ಟಿಗೆ ಅದರ ಅತಿ ದೊಡ್ಡ ಸಾಧನೆ ಇದೇ.

ಇಂಥ ತೊಟ್ಟಿಯನ್ನು ನಿರ್ವಾತ ಮಾಡಲಾಗದು, ತೆಳು ಉಕ್ಕಿನ ಒಳಗೋಡೆ ತಡೆಯುವುದಿಲ್ಲ. ಅದಕ್ಕೇ ಆರ್ಗಾನ್ ಅನಿಲವನ್ನು ತಳದಿಂದ ಬಿಡುತ್ತಾರೆ. ಗಾಳಿಗಿಂತ ಭಾರವಾದ್ದರಿಂದ ಅದು ಗಾಳಿಯನ್ನು ಮೇಲಕ್ಕೆ ತಳ್ಳುತ್ತ ಏರುತ್ತದೆ. ವೇಗ ಗಂಟೆಗೆ 1.2 ಮೀಟರ್ ಸುಮಾರು ಇರಲಿ. ಅವಸರ ಮಾಡಿದರೆ ಎರಡೂ ಕಲಸಿಕೊಳ್ಳುತ್ತವೆ. ಆಮೇಲೆ ನಿಧಾನವಾಗಿ ತಣಿಸಿ, ದ್ರವ ತುಂಬಿ, ಫಿಲ್ಟರ್‌ಗಳ ಮೂಲಕ ಸುತ್ತಿಸುತ್ತಲೇ ಇರಬೇಕು. ಮಾಲಿಕ್ಯುಲರ್ ಸೀವ್ ಎಂಬ ಸೂಕ್ಷ್ಮ ರಂಧ್ರಗಳ ಹರಳುಗಳು ನೀರನ್ನೂ ತಾಮ್ರ ಆಮ್ಲಜನಕವನ್ನೂ ಹೀರುತ್ತವೆ. ಶುದ್ಧತೆ ಅಳೆಯುವ ಮಾನಿಟರ್‌ಗಳನ್ನು ಬೇರೆಬೇರೆ ಎತ್ತರದಲ್ಲಿ ಇಡು. ಒಂದೇ ಕಡೆಯ ಅಳತೆಯನ್ನು ಇಡೀ ತೊಟ್ಟಿಗೆ ಅನ್ವಯಿಸಿದರೆ ಲೆಕ್ಕ ತಪ್ಪುತ್ತದೆ.

ತಂತಿಗಳು 150 ಮೈಕ್ರಾನ್ ದಪ್ಪದ ತಾಮ್ರ-ಬೆರಿಲಿಯಂನವು. ತಂಬೂರಿಯ ಶ್ರುತಿ ನೋಡುವ ಹಾಗೆ ಒಂದೊಂದನ್ನೂ ಮಿಡಿದು, ಕಂಪನದ ಆವರ್ತನದಿಂದ ಬಿಗಿತ ಲೆಕ್ಕ ಹಾಕುತ್ತಾರೆ. ಸಡಿಲವಾದದ್ದು ಪಕ್ಕದ ತಂತಿಗೆ ತಗುಲೀತು. ಆರ್ಗಾನ್‌ನಲ್ಲೇ ಮುಳುಗಿರಬೇಕಾದ ಎಲೆಕ್ಟ್ರಾನಿಕ್ಸ್ ಬೋರ್ಡ್‌ಗಳನ್ನು ಮೊದಲೇ ದ್ರವ ನೈಟ್ರೋಜನ್‌ನಲ್ಲಿ ಮುಳುಗಿಸಿ ಪರೀಕ್ಷಿಸಬೇಕು. ಹೊರತೆಗೆಯುವಾಗ ಜೋಕೆ: ಒಣ ನೈಟ್ರೋಜನ್ ಅನಿಲದಲ್ಲಿ ಕೋಣೆಯ ಉಷ್ಣತೆಗೆ ಬರುವವರೆಗೂ ಡಬ್ಬಿ ತೆರೆಯಬೇಡ. ತೆರೆದರೆ ತೇವಾಂಶ ಮಂಜಾಗಿ ಕೂತು, ಕರಗಿ, ಕನೆಕ್ಟರ್‌ನೊಳಗೆ ಇಳಿಯುತ್ತದೆ.

ಗ್ರೌಂಡಿಂಗ್ (ಭೂಸಂಪರ್ಕ) ವಿಷಯದಲ್ಲೂ ಸಡಿಲ ಬಿಡಬೇಡ. ಡಿಟೆಕ್ಟರ್‌ನ ಗ್ರೌಂಡ್ ಕಟ್ಟಡದ ಗ್ರೌಂಡ್‌ನಿಂದ ಬೇರೆಯೇ ಇರಬೇಕು. ಯಾರೋ ಒರಗಿಸಿಟ್ಟ ಕಬ್ಬಿಣದ ಏಣಿ ಸಾಕು, ಎರಡೂ ಸೇರಿ ಚಾನೆಲ್‌ಗಳಲ್ಲೆಲ್ಲ ವಿದ್ಯುತ್ ಗದ್ದಲ ಏಳುತ್ತದೆ. ಎರಡರ ನಡುವಿನ ಇಂಪೀಡೆನ್ಸ್ (ವಿದ್ಯುತ್ ಪ್ರತಿರೋಧ) ಸದಾ ಅಳೆಯುತ್ತಿದ್ದರೆ ಏಣಿ ತಾಗಿದ ಗಳಿಗೆಯಲ್ಲೇ ಗೊತ್ತಾಗುತ್ತದೆ.

ಕೊನೆಗೆ ನೈಟ್ರೋಜನ್. ಪ್ರೋಟೋಡ್ಯೂನ್‌ನಲ್ಲಿ 2019ರಲ್ಲಿ ಅನಿಲದ ಪಂಪ್ ಕೆಟ್ಟು ಗಾಳಿ ಒಳಸೇರಿತು. ಆಮ್ಲಜನಕವನ್ನು ಫಿಲ್ಟರ್ ತೆಗೆಯಿತು, ನೈಟ್ರೋಜನ್ ಮಾತ್ರ 5 ಪಿಪಿಎಂನಷ್ಟು, ಅಂದರೆ ಹತ್ತು ಲಕ್ಷಕ್ಕೆ ಐದರಷ್ಟು, ಉಳಿದುಬಿಟ್ಟಿತು. ಅದು ಎಲೆಕ್ಟ್ರಾನ್‌ಗಳನ್ನು ಮುಟ್ಟದಿದ್ದರೂ ಆರ್ಗಾನ್ ಸೂಸುವ ಬೆಳಕನ್ನು ನುಂಗುತ್ತದೆ. ಘಟನೆ ಯಾವ ಕ್ಷಣದಲ್ಲಿ ನಡೆಯಿತೆಂದು ತಿಳಿಸುವುದೇ ಆ ಬೆಳಕು. ಕ್ಸೆನಾನ್ ಬೆರೆಸಿ ಬಹುಪಾಲು ಬೆಳಕನ್ನು ಮರಳಿ ಪಡೆದರು. ನೀನಂತೂ ಟ್ಯಾಂಕರ್ ಬಂದಾಗಲೆಲ್ಲ ಮೊದಲು ನೈಟ್ರೋಜನ್ ಅಳೆಸು, ಅಂಕಿ ಕೈಗೆ ಬಂದ ಮೇಲೇ ವಾಲ್ವ್ ತೆರೆಸು.

ನಿನ್ನ ಗೆಳೆಯ