ಸ್ಟೇಟ್‌ಬ್ಯಾಂಕ್‌ನಲ್ಲಿ ಇಳಿದು ನಡೆಯಿರಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಮಂಗಳೂರು ಪ್ರವಾಸದ ಬಗ್ಗೆ ಬಂದ ಬರಹ ಓದಿದೆ. ಪಣಂಬೂರು ಬೀಚು, ಪಿಲಿಕುಳ, ಒಂದು ಮಾಲು. ಮುಗೀತು. ನಮ್ಮ ದಾವಣಗೆರೆ ಜನ ಮಾಡುವುದೂ ಅದನ್ನೇ. ಟೆಂಪೊ ಟ್ರಾವೆಲರ್ ಮಾಡಿಕೊಂಡು ಧರ್ಮಸ್ಥಳಕ್ಕೆ ಹೋಗುತ್ತಾರೆ, ಹಾಗೇ ಮಂಗಳೂರಿಗಿಳಿದು ಸಮುದ್ರದಲ್ಲಿ ಕಾಲು ನೆನೆಸಿ, ಜೇಬಿನ ತುಂಬ ಮರಳು ತುಂಬಿಕೊಂಡು ವಾಪಸ್. ಊರನ್ನು ನೋಡುವುದೇ ಇಲ್ಲ. ಬ್ಯಾಂಕ್ ನೌಕರಿ ಅಂತ ಹೋಗಿ 27 ವರ್ಷ ಅಲ್ಲೇ ಇದ್ದು ಬಂದವನು ನಾನು. ಹಾಗಾಗಿ ಸ್ವಲ್ಪ ಹೊಟ್ಟೆಯುರಿ.

ಮೊದಲ ದಿನವೇ ಪೇಚಿಗೆ ಸಿಕ್ಕಿದ್ದೆ. ಸಿಟಿ ಬಸ್ ಕಂಡಕ್ಟರ್ ‘ಓಡೆಗ್?’ (ಎಲ್ಲಿಗೆ?) ಅಂದ. ತುಳು ಬರದ ನಾನು ಕಣ್ಣು ಕಣ್ಣು ಬಿಟ್ಟೆ. ಪಕ್ಕದಲ್ಲಿದ್ದವರು ‘ಸ್ಟೇಟ್‌ಬ್ಯಾಂಕಾ?’ ಅಂತ ಕೇಳಿದರು. ‘ಇಲ್ಲ ಸಾರ್, ನಂದು ಬೇರೆ ಬ್ಯಾಂಕು’ ಅಂದೆ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅಲ್ಲಿ ಸ್ಟೇಟ್‌ಬ್ಯಾಂಕ್ ಅಂದರೆ ಸಿಟಿ ಬಸ್ ಸ್ಟ್ಯಾಂಡು. ನೀವೂ ಅಲ್ಲೇ ಇಳಿಯಿರಿ.

ಬೆಳಗ್ಗೆ ಬೇಗ ಹೋದರೆ ಮೊದಲು ದಕ್ಕೆ, ಅಂದರೆ ಮೀನುಗಾರಿಕೆ ಬಂದರಿನ ಕಡೆ ನಡೆಯಿರಿ. ನಾನು ಮೀನು ತಿನ್ನುವವನಲ್ಲ. ಆದರೂ ತಿಂಗಳಿಗೊಮ್ಮೆಯಾದರೂ ಮೂಗು ಮುಚ್ಚಿಕೊಂಡು ಹೋಗುತ್ತಿದ್ದೆ. ಬೋಟಿನಿಂದ ಬುಟ್ಟಿ ಬುಟ್ಟಿ ಬಂಗುಡೆ, ಬೂತಾಯಿ ಇಳಿಯುತ್ತವೆ. ಮೇಲೆ ಐಸಿನ ಪುಡಿ ಸುರಿಯುತ್ತಾರೆ. ಏಲಂ ಕೂಗುವವನ ಬಾಯಿಗೆ ಬಿಡುವೇ ಇಲ್ಲ. ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಹರಾಜು ನೋಡಿದವರಿಗೆ ಇದು ಅದರ ಅಣ್ಣ ಅನಿಸುತ್ತದೆ. ಜೂನ್, ಜುಲೈಯಲ್ಲಿ ಮಾತ್ರ ಹೋಗಬೇಡಿ. ಯಾಂತ್ರಿಕ ಬೋಟುಗಳಿಗೆ 61 ದಿನ ಮೀನುಗಾರಿಕೆ ನಿಷೇಧ, ಎಲ್ಲ ದಡಕ್ಕೆ ಕಟ್ಟಿರುತ್ತವೆ.

ಅಲ್ಲಿಂದ ಹಂಪನಕಟ್ಟೆಗೆ ಬಂದು ಗುಡ್ಡ ಹತ್ತಿದರೆ ಸೇಂಟ್ ಅಲೋಶಿಯಸ್ ಕಾಲೇಜಿನ ಚಾಪೆಲ್. ಹೊರಗಿನಿಂದ ನೋಡಿದರೆ ಏನೂ ಅನಿಸುವುದಿಲ್ಲ. ಒಳಗೆ ಹೋಗಿ ಕತ್ತೆತ್ತಿ ನೋಡಿ. ಆಂಟೋನಿಯೊ ಮೊಸ್ಕೆನಿ ಅನ್ನುವ ಇಟಲಿಯ ಜೆಸ್ವಿಟ್ ಬ್ರದರ್ 1899ರ ಹೊತ್ತಿಗೆ ಶುರು ಮಾಡಿ, ಸುಮಾರು ಎರಡು ವರ್ಷ ಗೋಡೆ, ಚಾವಣಿ ಏನನ್ನೂ ಬಿಡದೆ ಚಿತ್ರ ಬರೆದಿದ್ದಾರೆ. ಗೋಡೆಯದು ಹಸಿ ಗಾರೆಯ ಮೇಲಿನ ಕೆಲಸ. ಗಾರೆ ಒಣಗುವುದರೊಳಗೆ ಬಣ್ಣ ಹಚ್ಚಿ ಮುಗಿಸಬೇಕು, ತಪ್ಪಿದರೆ ಕಿತ್ತು ಮತ್ತೆ ಗಾರೆ ಮೆತ್ತಬೇಕು. ಊಟದ ಬಿಡುವಿನಲ್ಲಿ ಎಷ್ಟೋ ಸಲ ಸುಮ್ನೆ ಹೋಗಿ ಕೂತಿದ್ದೇನೆ. ಹೊರಗಿನ ಸೆಖೆಗೆ ಅದಕ್ಕಿಂತ ತಂಪಾದ ಜಾಗ ಸಿಗುತ್ತಿರಲಿಲ್ಲ ಅನ್ನುವುದೂ ನಿಜ. ನಮ್ಮೂರಿನ ಬಿಸಿಲು ಕಂಡವರು ಸೆಖೆಗೆ ಹೆದರಲ್ಲ ಅಂದುಕೊಂಡಿದ್ದೆ. ಸೆಖೆಯೇ ಬೇರೆ ಸ್ವಾಮಿ, ಅಂಗಿ ಹಿಂಡಿದರೆ ನೀರು ಬರುತ್ತೆ.

ಇನ್ನು ಬಲ್ಮಠ. ಇದನ್ನು ನಿಮ್ಮ ಪುರವಣಿಯೇ ಬಿಟ್ಟಿದ್ದು ನನಗೆ ಜಾಸ್ತಿ ಬೇಜಾರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಿದ್ದದ್ದು ಇಲ್ಲಿದ್ದ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯ ಕಲ್ಲಚ್ಚಿನಿಂದ. ಸಂಪಾದಕ ಹರ್ಮನ್ ಮೊಗ್ಲಿಂಗ್. ನಾವು ಜುಲೈ 1ಕ್ಕೆ ಪತ್ರಿಕಾ ದಿನಾಚರಣೆ ಮಾಡುವುದು ಅದಕ್ಕೇ ಅಲ್ವಾ? ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾಗಿದ್ದೂ ಇದೇ ಮಿಷನ್ನಿನ ಪ್ರೆಸ್ಸಿನಲ್ಲಿ. ಮಂಗಳೂರು ಹೆಂಚಿನ ಕತೆಯೂ ಇವರದೇ. 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದರು. ನಮ್ಮ ಹಳೇ ಮನೆ ಕೆಡವಿದಾಗ ಹೆಂಚೊಂದನ್ನು ತಿರುಗಿಸಿ ನೋಡಿದೆ. ಪಾಚಿ ಕೆರೆದರೆ ಕೆಳಗೆ ಮಂಗಳೂರು ಅಂತ ಇಂಗ್ಲಿಷಿನಲ್ಲಿ ಅಚ್ಚು. ಹುಟ್ಟಿದಾಗಿನಿಂದ ಅದರ ಕೆಳಗೇ ಮಲಗಿದ್ದೇನೆ, ಒಂದು ದಿನವೂ ನೋಡಿರಲಿಲ್ಲ.

ಕದ್ರಿ ಮಂಜುನಾಥನ ದರ್ಶನ ಎಲ್ಲರೂ ಮಾಡುತ್ತಾರೆ. ಆದರೆ ಅಲ್ಲೇ ಇರುವ ಲೋಕೇಶ್ವರನ ಕಂಚಿನ ಮೂರ್ತಿಯ ಮುಂದೆ ಎರಡು ನಿಮಿಷ ನಿಲ್ಲಿ. ಮೂರು ಮುಖ, ಆರು ಕೈ. ಆಳುಪ ವಂಶದ ಅರಸ ಕುಂದವರ್ಮ ಕ್ರಿ.ಶ. 968ರಲ್ಲಿ ಮಾಡಿಸಿದ್ದು ಅಂತ ಪೀಠದ ಮೇಲಿನ ಶಾಸನ ಹೇಳುತ್ತದೆ.

ಸಂಜೆ ಸುಲ್ತಾನ್ ಬತ್ತೇರಿ. ಟಿಪ್ಪು ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಗೋಪುರ, ಹತ್ತು ನಿಮಿಷದಲ್ಲಿ ನೋಡಿ ಮುಗಿಯುತ್ತದೆ. ಅಸಲಿ ಖುಷಿ ಇರುವುದು ಪಕ್ಕದ ದೋಣಿಯಲ್ಲಿ. ಗುರುಪುರ ಹೊಳೆ ದಾಟಿಸಿ ತಣ್ಣೀರುಬಾವಿ ಕಡೆ ಬಿಡುತ್ತಾರೆ. ಗಾಳಿಮರಗಳ ನಡುವೆ ನಡೆದರೆ ಎದುರಿಗೇ ಸಮುದ್ರ. ಬೀಚು ನೋಡಲೇಬೇಕು ಅನ್ನುವವರು ಹೀಗೆ ಹೋಗಿ ನೋಡಿ.

ಮಳೆಗಾಲದಲ್ಲಿ ನೀರಿಗಿಳಿಯುವುದು ಮಾತ್ರ ಬೇಡ. ಹರಿಹರದ ಹೊಳೆ, ಭದ್ರಾ ನಾಲೆಯಲ್ಲಿ ಈಜು ಕಲಿತವರಿಗೆ ಒಂದು ಧೈರ್ಯ ಇರುತ್ತದೆ. ಒಂದು ಜೂನ್‌ನಲ್ಲಿ ಇಲ್ಲಿಂದ ಬಂದಿದ್ದ ನೆಂಟರ ಹುಡುಗ ಬರೀ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ವಾಪಸ್ ಹೋಗುವ ಅಲೆ ಅವನ ಕಾಲಡಿಯ ಮರಳನ್ನೇ ಎಳೆದುಕೊಂಡಿತು. ಲೈಫ್‌ಗಾರ್ಡ್ ಸೀಟಿ ಊದುತ್ತಾ ಓಡಿ ಬಂದು ಕೊರಳಪಟ್ಟಿ ಹಿಡಿದು ಎಳೆಯದಿದ್ದರೆ ಏನಾಗುತ್ತಿತ್ತೋ. ಆಮೇಲೆ ಆ ಹುಡುಗ ಬಾತ್‌ರೂಮಿಗೆ ಹೋಗುವಾಗಲೂ ಬಾಗಿಲು ಅರ್ಧ ತೆರೆದಿಡುತ್ತಿದ್ದ.

ತಿನ್ನುವುದರ ಬಗ್ಗೆ ಹೇಳದಿದ್ದರೆ ಮನೆಯವರು ಬೈಯುತ್ತಾರೆ. ನಮ್ಮ ಬೆಣ್ಣೆದೋಸೆ ನಾಲಿಗೆಗೆ ನೀರುದೋಸೆ ಮೊದಲು ಸಪ್ಪೆ ಅನಿಸುತ್ತದೆ, ಎರಡನೇ ದಿನ ಹಿಡಿಸುತ್ತದೆ. ಬನ್ಸ್ ಅಂದರೆ ಬೇಕರಿಯ ಬನ್ನಲ್ಲ. ಕಳಿತ ಬಾಳೆಹಣ್ಣು ಕಿವುಚಿ, ಮೈದಾ, ಮೊಸರು ಹಾಕಿ ಕಲಸಿಟ್ಟು ಮರುದಿನ ಕರಿದ ದಪ್ಪ ಪೂರಿ. ನನ್ನ ಹೆಂಡತಿ ಮೊದಲ ಸಲ ಹೋಟೆಲಿನವರಿಗೆ ‘ಇದಕ್ಕೆ ಬೆಣ್ಣೆ ಸವರಿ ಕೊಡಿ’ ಅಂದಿದ್ದಳು. ಕೊಟ್ಟರು ಪಾಪ.

ಮುಂದಿನ ಪುರವಣಿಯಲ್ಲಿ ಜಾಗ ಉಳಿದರೆ ಬಲ್ಮಠದ ಬಗ್ಗೆ ಒಂದು ಕಾಲಂ ಆದರೂ ಬರೆಸಿ. ಮಾಲಿನ ಫೋಟೊ ತೆಗೆದರೆ ಜಾಗ ಆಗುತ್ತದೆ.

— ನಿವೃತ್ತ ಬ್ಯಾಂಕ್ ನೌಕರ, ವಿದ್ಯಾನಗರ, ದಾವಣಗೆರೆ