ರಿವರ್ಸ್ ಗೇರಿಗೆ ಎರಡು ಕ್ಷಣದ ಬಿಡುವು ಕೊಡಿ

ಮಾನ್ಯ ಸಂಪಾದಕರೇ,

ಹಳೆಯ ಮ್ಯಾನ್ಯುವಲ್ ಕಾರುಗಳನ್ನು ರಿವರ್ಸಿಗೆ ಹಾಕುವಾಗ ಕೇಳಿಬರುವ ‘ಕರ್‌ರ್’ ಎಂಬ ಸದ್ದನ್ನು ಎಷ್ಟೋ ಚಾಲಕರು ಕಾರಿಗೆ ವಯಸ್ಸಾಯಿತೆಂದು ಉಪೇಕ್ಷಿಸುತ್ತಾರೆ. ಕೆಲವರಂತೂ ಗೇರ್ ಲಿವರನ್ನು ಇನ್ನಷ್ಟು ಬಲವಾಗಿ ಒತ್ತುತ್ತಾರೆ. ಈ ಸದ್ದು ಏಕೆ ಬರುತ್ತದೆ ಎಂಬುದನ್ನು ಚಾಲನಾ ತರಬೇತಿಯಲ್ಲಿಯೇ ಕಲಿಸಬೇಕೆಂದು ತರಬೇತುದಾರರಲ್ಲಿ ನನ್ನ ಮನವಿ.

ಮುಂದಕ್ಕೆ ಓಡಿಸುವ ಗೇರುಗಳಿಗೆ, ಒಂದಕ್ಕೊಂದು ಕೂಡಿಕೊಳ್ಳಬೇಕಾದ ಭಾಗಗಳ ವೇಗವನ್ನು ಮೊದಲೇ ಸಮಗೊಳಿಸುವ ಸಿಂಕ್ರೊಮೆಶ್ ವ್ಯವಸ್ಥೆ ಇರುತ್ತದೆ. ಹಳೆಯ ಬಹುತೇಕ ಕಾರುಗಳ ರಿವರ್ಸಿಗೆ ಅದಿಲ್ಲ. ತಿರುಗುವ ದಿಕ್ಕನ್ನು ಬದಲಿಸುವ, ನೇರ ಹಲ್ಲುಗಳ ಐಡ್ಲರ್ ಗೇರೊಂದು ಜಾರಿ ಬಂದು ಬೇರೆ ಎರಡು ಗೇರುಗಳ ನಡುವೆ ಕೂರಬೇಕಾಗುತ್ತದೆ. (ಹಿಂದಕ್ಕೆ ಚಲಿಸುವಾಗ ಕೇಳುವ ಸಣ್ಣ ಗುಂಯ್‌ಗುಡುವಿಕೆ ಈ ನೇರ ಹಲ್ಲುಗಳದ್ದು, ಅದರಿಂದ ಹಾನಿಯಿಲ್ಲ.) ಕ್ಲಚ್ ಒತ್ತಿದರೂ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ (ಎಂಜಿನ್ನಿನ ತಿರುಗುವಿಕೆಯನ್ನು ಒಳಗೆ ತರುವ ದಂಡ) ತನ್ನ ರಭಸದಿಂದ ತುಸು ಹೊತ್ತು ತಿರುಗುತ್ತಲೇ ಇರುವುದರಿಂದ, ಅವಸರದಲ್ಲಿ ರಿವರ್ಸ್ ಹಾಕಿದರೆ ಹಲ್ಲಿಗೆ ಹಲ್ಲು ತಗುಲಿ ಅಂಚುಗಳು ಸವೆಯುತ್ತವೆ.

ಆದ್ದರಿಂದ ಕಾರು ಸಂಪೂರ್ಣವಾಗಿ ನಿಂತ ಮೇಲೆ, ಆಕ್ಸಿಲರೇಟರಿನಿಂದ ಕಾಲು ತೆಗೆದು, ಕ್ಲಚ್ಚನ್ನು ತಳದವರೆಗೆ ಒತ್ತಿ ಎರಡು ಮೂರು ಸೆಕೆಂಡು ತಡೆದು ರಿವರ್ಸ್ ಹಾಕಬೇಕು. ಅಷ್ಟು ಕಾಯಲಾಗದಿದ್ದರೆ, ಕ್ಲಚ್ ಬಿಡದೆ ಮೊದಲು ಎರಡನೇ ಗೇರಿಗೆ ಹಾಕಿ ನಂತರ ರಿವರ್ಸಿಗೆ ತರಬಹುದು. ಎರಡನೇ ಗೇರಿನ ಸಿಂಕ್ರೊಮೆಶ್ ಆ ಶಾಫ್ಟನ್ನು ತಾನೇ ನಿಲ್ಲಿಸುತ್ತದೆ. ಸದ್ದಿಲ್ಲದಿದ್ದರೂ ಗೇರು ಬೀಳದೆ ಅಡ್ಡಗಟ್ಟಿದಂತಾದರೆ, ಹಲ್ಲುಗಳು ಎದುರುಬದುರಾಗಿ ನಿಂತಿವೆ ಎಂದರ್ಥ. ಆಗ ನ್ಯೂಟ್ರಲ್‌ಗೆ ತಂದು ಕ್ಲಚ್ಚನ್ನು ಒಮ್ಮೆ ಬಿಟ್ಟು ಮತ್ತೆ ಒತ್ತಿದರೆ ಸಾಕು, ಬಲಪ್ರಯೋಗದ ಅಗತ್ಯವಿಲ್ಲ.

ಇಷ್ಟು ಕಾದ ಮೇಲೂ ಸದ್ದು ನಿಲ್ಲದಿದ್ದರೆ, ಅದರಲ್ಲೂ ಎಂಜಿನ್ ಆಫ್ ಆಗಿರುವಾಗ ಸಲೀಸಾಗಿ ಬೀಳುವ ರಿವರ್ಸ್, ಎಂಜಿನ್ ಓಡುತ್ತಿರುವಾಗ ಮಾತ್ರ ತಕರಾರು ಮಾಡಿದರೆ, ಪೆಡಲ್ ಒತ್ತಿದರೂ ಕ್ಲಚ್ ಎಂಜಿನ್ನನ್ನು ಗೇರ್‌ಬಾಕ್ಸಿನಿಂದ ಪೂರ್ತಿ ಬೇರ್ಪಡಿಸುತ್ತಿಲ್ಲವೆಂದು ಶಂಕಿಸಬೇಕು. ಕೇಬಲ್ ಸಡಿಲವಾಗಿರಬಹುದು, ಹೈಡ್ರಾಲಿಕ್ ಕ್ಲಚ್ಚಾದರೆ ದ್ರವ ಕಡಿಮೆಯಾಗಿರಬಹುದು ಅಥವಾ ಕೊಳವೆಯಲ್ಲಿ ಗಾಳಿ ಸೇರಿರಬಹುದು. ಇವೆಲ್ಲ ಹೊರಗಿನಿಂದಲೇ ಸರಿಪಡಿಸಬಹುದಾದ ದೋಷಗಳಾದ್ದರಿಂದ, ಗೇರ್‌ಬಾಕ್ಸ್ ಇಳಿಸಲು ಒಪ್ಪುವ ಮುನ್ನ ಕ್ಲಚ್ ಪರೀಕ್ಷಿಸುವಂತೆ ಕಾರಿನ ಮಾಲೀಕರು ಮೆಕ್ಯಾನಿಕರನ್ನು ಕೇಳಬೇಕು.

ಇಂತಿ,
ಒಬ್ಬ ಓದುಗ