ರಕ್ಷಣಾ ಸಚಿವರೇ, ಅಣ್ವಸ್ತ್ರದ ವಿಷಯದಲ್ಲಿ ಒಂದು ಮಾತು ಸದನದಲ್ಲಿ ಖಡಾಖಂಡಿತ ಹೇಳಿಬಿಡಿ

ಮಾನ್ಯ ರಾಜನಾಥ್ ಸಿಂಗ್ ಅವರಿಗೆ ನಮಸ್ಕಾರ.

2019ರ ಆಗಸ್ಟ್ 16ಕ್ಕೆ ಪೋಖ್ರಾನ್‌ಗೆ ಹೋದಾಗ ನೀವು, ಅಣ್ವಸ್ತ್ರ ಮೊದಲು ಬಳಸಲ್ಲ ಅನ್ನೋದು ಇವತ್ತಿನವರೆಗೂ ನಮ್ಮ ನೀತಿ, ಮುಂದಿನದ್ದು ಪರಿಸ್ಥಿತಿ ಮೇಲೆ ಅಂದ್ರಿ. ಆ ಮುಂದಿನದ್ದು ಅನ್ನೋ ಮಾತು ಇನ್ನೂ ಹಾಗೇ ನೇತಾಡ್ತಾ ಇದೆ ಸರ್, ಅದಕ್ಕೇ ಬರೀತಿರೋದು.

2003ರ ಜನವರಿ 4ರಂದು ಸರ್ಕಾರ ಪ್ರಕಟಿಸಿದ ನೀತಿ ಕ್ಲಿಯರ್ ಆಗಿದೆ. ನಮ್ಮ ನೆಲದ ಮೇಲೋ, ಎಲ್ಲೇ ಇರೋ ನಮ್ಮ ಸೈನ್ಯದ ಮೇಲೋ ಅಣ್ವಸ್ತ್ರ ದಾಳಿ ಆದ್ರೆ ಮಾತ್ರ ನಾವು ಅದನ್ನ ಬಳಸೋದು, ರಾಸಾಯನಿಕ ಇಲ್ಲಾ ಜೈವಿಕ ಅಸ್ತ್ರದ ದೊಡ್ಡ ದಾಳಿಗೂ ಅಂತ ಒಂದು ದಾರಿ ಇಟ್ಕೊಂಡಿದ್ದೀವಿ, ಅಷ್ಟೇ. ಟ್ಯಾಂಕು, ಫಿರಂಗಿ, ವಿಮಾನಕ್ಕೆ ಅಣುಬಾಂಬ್ ಉತ್ತರ ಅಂತ ಎಲ್ಲೂ ಇಲ್ಲ. ಪಾಕಿಸ್ತಾನದ ಲೆಕ್ಕ ಬೇರೆ, ನಮ್ಮ ಸೈನ್ಯ ಒಳಗೆ ನುಗ್ಗೋದನ್ನ ತಡೆಯೋಕೆ ಅಂತಲೇ ಅವರು 2011ರಲ್ಲಿ ಅಣ್ವಸ್ತ್ರ ಹೊತ್ತು 60 ಕಿಲೋಮೀಟರ್ ಹೋಗೋ ನಸ್ರ್ ಕ್ಷಿಪಣಿ ಟೆಸ್ಟ್ ಮಾಡಿದ್ರು. ಅಷ್ಟು ಹತ್ತಿರದ್ದು ಅಂದ್ರೆ ಗಡಿ ಪಕ್ಕಕ್ಕೇ ತಂದು ನಿಲ್ಲಿಸ್ಬೇಕು, ಆಮೇಲೆ ಯುದ್ಧದ ಗದ್ದಲದಲ್ಲಿ ಶತ್ರು ಕೈಗೆ ಸಿಗೋಕಿಂತ ಮೊದಲೇ ಹಾರಿಸಿಬಿಡೋಣ ಅನ್ಸತ್ತೆ, ಇದು ನಮಗೂ ಬೇಕಾ?

ಬೇಕು ಅನ್ನೋರಿಗೆ 2022ರ ಮಾರ್ಚ್ 9 ನೆನಪು ಮಾಡಿ. ಅವತ್ತು ನಮ್ಮದೇ ಒಂದು ಕ್ಷಿಪಣಿ ಕೈತಪ್ಪಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಹತ್ರ ಬಿತ್ತು. ಪುಣ್ಯಕ್ಕೆ ಯಾರೂ ಸಾಯ್ಲಿಲ್ಲ. ಸರ್ಕಾರ ಅದನ್ನ ಬಹಿರಂಗವಾಗಿ ಒಪ್ಕೊಂಡಿದ್ದು ಮಾರ್ಚ್ 11ಕ್ಕೆ, ಮೂವರು ವಾಯುಪಡೆ ಅಧಿಕಾರಿಗಳನ್ನ ವಜಾ ಮಾಡಿದ್ದು ಆಗಸ್ಟ್‌ನಲ್ಲಿ. ಆದ್ರೆ ಆ ಕಡೆ ರಾಡಾರ್ ಮುಂದೆ ಕೂತಿದ್ದೋರಿಗೆ ಸಿಕ್ಕಿದ್ದು ಕೆಲವೇ ನಿಮಿಷ. ಭಾರತ ಮೊದಲು ಅಣ್ವಸ್ತ್ರ ಹಾಕೋ ದೇಶ ಅಂತ ಅವರ ತಲೇಲಿ ಕೂತಿದ್ದಿದ್ರೆ ಆ ನಿಮಿಷಗಳಲ್ಲಿ ಏನು ತೀರ್ಮಾನ ಆಗ್ತಿತ್ತೋ ಯೋಚನೆ ಮಾಡಿ.

ಗೊಂದಲ ಇದ್ರೆ ಶತ್ರು ಹೆದರ್ತಾನೆ ಅಂತ ವಾದ ಮಾಡ್ತಾರೆ, ಹೆದರಿದವನೇ ಮೊದಲು ಗುಂಡಿ ಒತ್ತೋದು ಅಲ್ವಾ ಸರ್. ಕಾರ್ಗಿಲ್‌ನಲ್ಲಿ ಎರಡೂ ಕಡೆ ಬಾಂಬ್ ಇತ್ತು, ಆದ್ರೂ ಬೆಟ್ಟ ವಾಪಸ್ ತಗೊಂಡಿದ್ದು ಕಾಲಾಳುಗಳು, ಬೋಫೋರ್ಸ್ ಫಿರಂಗಿಗಳು, ವಾಯುಪಡೆ. ಗಲ್ವಾನ್‌ನಲ್ಲಿ ಚೀನಾ ಸೈನಿಕರ ಜೊತೆಗಿನ ಹೊಡೆದಾಟದಲ್ಲಿ ನಮ್ಮ 20 ಯೋಧರು ಪ್ರಾಣ ಕಳ್ಕೊಂಡ್ರು, ಅಲ್ಲೂ ಅಣ್ವಸ್ತ್ರ ಯಾವ ಕೆಲಸಕ್ಕೂ ಬರ್ಲಿಲ್ಲ. ಇಂಥ ದಾಳಿ ತಡೆಯೋದು ಮದ್ದುಗುಂಡು, ರಸ್ತೆ, ಡ್ರೋನ್, ಚೆನ್ನಾಗಿ ತಯಾರಾದ ಸೈನ್ಯ, ದುಡ್ಡು ಅಲ್ಲಿಗೆ ಹಾಕಿ.

ನಾನು ಕೇಳ್ತಿರೋದು ಇಷ್ಟೇ: ಮುಂದಿನ ಅಧಿವೇಶನದಲ್ಲಿ ಲೋಕಸಭೆಯಲ್ಲಿ ಎದ್ದು ನಿಂತು, 2003ರ ನೀತಿ ಹಾಗೇ ಇದೆ, ಸಾಮಾನ್ಯ ಶಸ್ತ್ರದ ದಾಳಿಗೆ ಭಾರತ ಅಣ್ವಸ್ತ್ರ ಎತ್ತಲ್ಲ ಅಂತ ಹೇಳಿ, ಪರಿಸ್ಥಿತಿ ಗಿರಿಸ್ಥಿತಿ ಅನ್ನೋ ಬಾಲ ಸೇರಿಸಬೇಡಿ.

ಇಂತಿ,
ಒಬ್ಬ ಮತದಾರ